ಅಣ್ಣನ ಹೆಸರಿನ ರಕ್ತ

ಅಣ್ಣಾ,

ಇದನ್ನ ಅತ್ತಿಗೆ ಕೈಗೆ ಸಿಗೋ ಮುಂಚೆ ಓದು.

ನಿನ್ನೆ ನಮ್ಮ ಲ್ಯಾಬಲ್ಲಿ ರಕ್ತ ತೆಗೆಯೋ ಹುಡುಗಿ ಅಂದಳು, "ನೀವಿಲ್ಲದಾಗ ನಿಮ್ಮಣ್ಣ ಬಂದು ರಕ್ತ ಕೊಟ್ಟು ಹೋದ್ರು. ನಗಿಸಿ ನಗಿಸಿ ಹೊಟ್ಟೆ ಹುಣ್ಣು ಮಾಡಿದ್ರು. ಬಿಪಿನೂ ಚೆನ್ನಾಗಿದೆ." ನಾನು ಕಂಡ ಹಾಗೆ ನೀನು ಯಾರನ್ನೂ ನಗಿಸಿದೋನಲ್ಲ. ಹಾಗೆ ನಗಿಸೋನು ಅತ್ತಿಗೆಯ ತಮ್ಮ ಒಬ್ಬನೇ. ರಕ್ತ ಕೊಡು ಅಂತ ಪೀಡಿಸೋ ನನ್ನ ಬಾಯಿ ಮುಚ್ಚಿಸೋಕೆ ನಿನ್ನ ಹೆಸರಲ್ಲಿ ಅವನನ್ನ ಕಳಿಸಿದೀಯ.

ಬಿಪಿ ಹೆಚ್ಚಿರೋ ನಮ್ಮ ಜನಾಂಗದವರ ರಕ್ತವನ್ನ, ಅಷ್ಟು ಬಿಪಿ ಇಲ್ಲದ ಅತ್ತಿಗೆ ಜನಾಂಗದವರ ರಕ್ತದ ಜೊತೆ ಹೋಲಿಸೋದೇ ನಮ್ಮ ಲ್ಯಾಬಿನ ಸಂಶೋಧನೆ. ನಮ್ಮಲ್ಲಿ ತುಂಬಾ ಜನರ ಜೀವಕೋಶ, ಒಳಗೆ ಬಂದ ಕ್ಯಾಲ್ಸಿಯಂ ಬೇಗ ಹೊರಹಾಕಲ್ಲ. ಅದಕ್ಕೇ ರಕ್ತನಾಳ ಬಿಗಿದು ಬಿಪಿ ಏರುತ್ತೇನೋ ಅಂತ ಡಾಕ್ಟರ ಅನುಮಾನ. ನಮ್ಮವರ ಸಾಲಲ್ಲಿ ಅವನ ರಕ್ತ ಕೂತರೆ ಎಲ್ಲಾ ಕೆಡುತ್ತೆ. ಅದನ್ನ ತೆಗೆಸೋಕೆ ಡಾಕ್ಟರಿಗೆ ಕಾರಣ ಹೇಳಲೇಬೇಕು, ಹೇಳ್ತೀನಿ. ನಿನಗೆ ಸಿಟ್ಟು ಬಂದ್ರೆ ಬರಲಿ.

ಬಿಪಿ ಇದೆ ಅಂದ್ರೆ ಕ್ರೇನ್ ಓಡಿಸೋ ಕೆಲಸದಿಂದ ಇಳಿಸ್ತಾರೆ ಅನ್ನೋ ಭಯ ನಿನಗೆ. ಅಪ್ಪನೂ ತಲೆ ಸುತ್ತೋದು ಬಿಸಿಲಿಗೆ ಅಂದ್ಕೊಂಡೇ ಹೋಗಿಬಿಟ್ಟರು. ಮೊನ್ನೆ ಊಟ ಮುಗಿಸಿ ನೀನು ಗೋಡೆ ಹಿಡ್ಕೊಂಡು ಎದ್ದಿದ್ದನ್ನ ನಾನು ನೋಡಿದೀನಿ.

ನಾಳೆ ಕೆಲಸಕ್ಕೆ ಹೋಗೋ ಮುಂಚೆ ಬಾ. ತೋಳು ಸಡಿಲ ಇರೋ ಅಂಗಿ ಹಾಕ್ಕೊ. ಬಿಪಿ ನಾನೇ ನೋಡ್ತೀನಿ. ಮಾತ್ರೆಯಿಂದ ಹತೋಟಿಗೆ ಬಂದ್ರೆ ಮತ್ತೆ ಕ್ರೇನ್ ಹತ್ತಬಹುದು.

ಬರಲ್ಲ ಅಂತ ಹಟ ಹಿಡಿದ್ರೆ, ಮೇಲೆ ಹತ್ತಿದ ಮೇಲೆ ಒಂದ್ಸಲ ಕೆಳಗೆ ನೋಡು. ನಿನ್ನ ಹೆಸರಲ್ಲಿ ರಕ್ತ ಕೊಟ್ಟೋನೇ ಅಲ್ವಾ, ದಿನಾ ನಿನ್ನ ಕ್ರೇನಿನ ಕೆಳಗೆ ನಿಂತು, ನೀನು ಎತ್ತೋ ಭಾರಕ್ಕೆ ಸರಪಳಿ ಬಿಗಿಯೋನು?

ನಿನ್ನ ತಂಗಿ