ಅಕ್ಕ ಸಹಿ ಹಾಕಿದ ವಾಕ್ಯಗಳು

ಜೂನ್ 4, ಭಾನುವಾರ

ಈ ವಾರವೂ ಐದು ಪದ. ಒಟ್ಟು ನಲವತ್ತಾಯಿತು, ಗುರಿ ನೂರು. ನಾಲಿಗೆಗೆ ಹತ್ತಿದ್ದು ಹನ್ನೊಂದು. ಉಳಿದವು ನೋಟ್‌ಬುಕ್ಕಿನಲ್ಲೇ ಆರಾಮಾಗಿವೆ.

ಲೈಬ್ರರಿಯ ಮೇಲಿನ ಕೋಣೆಯಲ್ಲಿ ಕ್ಲಾಸು. ಮೇಡಂ ಮೂವತ್ತು ವರ್ಷ ಕೋರ್ಟಿನಲ್ಲಿ ಅನುವಾದಕಿಯಾಗಿದ್ದವರು. ಅವರ ಪದ್ಧತಿ ಇನ್ನೆಲ್ಲೂ ಇರಲಾರದು. ಇಂಗ್ಲಿಷ್ ಪದವನ್ನು ದೊಡ್ಡಕ್ಷರದಲ್ಲಿ ಬರೆಯಬೇಕು, ಅರ್ಥವನ್ನೂ ಸ್ವಂತ ಇಂಗ್ಲಿಷಿನಲ್ಲೇ ಬರೆಯಬೇಕು, ಕೆಳಗೊಂದು ಉದಾಹರಣೆ ವಾಕ್ಯ. ಆ ವಾಕ್ಯ ನಿಜವಾಗಿರಬೇಕು. ನಿಜವೆಂದು ಬಲ್ಲವರೊಬ್ಬರು ಪಕ್ಕದಲ್ಲಿ ಸಹಿ ಹಾಕಬೇಕು!

"ಕಟ್ಟುಕಥೆ ಎರಡು ದಿನಕ್ಕೆ ಮರೆತುಹೋಗುತ್ತೆ. ನಿಮ್ಮ ಮನೇದು ಬರೀರಿ, ಸಾಯೋವರೆಗೂ ಮರೆಯಲ್ಲ. ಸಾಕ್ಷಿ ಇಲ್ಲದ ವಾಕ್ಯ ನನ್ನ ಹತ್ರ ನಡೆಯಲ್ಲ."

ನನಗೆ ಸಾಕ್ಷಿ ಅಂದರೆ ಅಕ್ಕ. ಮನೆಯಲ್ಲಿ ಇರುವುದೇ ಇಬ್ಬರು. ಅವಳಿಗೆ ಐವತ್ತೊಂದು, ನನಗೆ ನಲವತ್ತೆರಡು. ಇಬ್ಬರಿಗೂ ಮದುವೆಯಾಗಲಿಲ್ಲ — ದೊಡ್ಡ ಕಥೆಯೇನಲ್ಲ, ಆಗಲಿಲ್ಲ ಅಷ್ಟೇ. ಅಕ್ಕನಿಗೆ ಇಂಗ್ಲಿಷ್ ಬಾರದು, ದೊಡ್ಡಕ್ಷರಗಳು ಮಾತ್ರ ಗೊತ್ತು. ಲಾಂಡ್ರಿ ಕೌಂಟರಿನಲ್ಲಿ ಕೂತು ಬಟ್ಟೆಗಳಿಗೆ ಚೀಟಿ ಕಟ್ಟುತ್ತಾಳೆ, ಗಿರಾಕಿಯ ಹೆಸರು ಬರೆಯುವಷ್ಟು ಸಾಕು. ಹಾಗಾಗಿ ನಾನು ವಾಕ್ಯ ಓದಿ ಕನ್ನಡದಲ್ಲಿ ಹೇಳಬೇಕು, ಅವಳು ಕೇಳಿ ಸಹಿ ಹಾಕಬೇಕು.

ಜೂನ್ 7, ಬುಧವಾರ, ಸಂಜೆ 7

ಪದ: ಅಪ್ರಿಹೆನ್ಸಿವ್. ಅರ್ಥ: ಏನಾದರೂ ಆಗಿಬಿಟ್ಟರೆ ಎಂಬ ಅಳುಕಿನವರು. ವಾಕ್ಯ: ‘ಮೈ ಸಿಸ್ಟರ್ ಈಸ್ ಅಪ್ರಿಹೆನ್ಸಿವ್, ಶಿ ಚೆಕ್ಸ್ ದ ಡೋರ್ ಟ್ವೈಸ್ ಎವ್ರಿ ನೈಟ್.’

ಅಕ್ಕ ಅವರೆಕಾಯಿ ಬಿಡಿಸುವಷ್ಟೇ ಗಂಭೀರವಾಗಿ ಕೇಳಿಸಿಕೊಂಡಳು. ಪೆನ್ನು ಕೆಳಗಿಟ್ಟಳು.

"ಹಾಕಲ್ಲ."

"ಯಾಕೆ? ನಿಂಗೆ ಅಳುಕಿಲ್ವಾ?"

"ಅಳುಕು ಇದೆ. ಆದ್ರೆ ಚಿಲಕ ನೋಡೋದು ಎರಡು ಸಲ ಅಲ್ಲ, ಮೂರು ಸಲ. ಸುಳ್ಳಿಗೆ ನಾನು ಸಹಿ ಹಾಕಲ್ಲಮ್ಮ."

ತಿದ್ದಿದೆ. ಹಾಕಿದಳು. ಮುಂದಿನದು ಮೆಟಿಕ್ಯುಲಸ್ — ಸಣ್ಣಸಣ್ಣದನ್ನೂ ಬಿಡದೆ ಅಚ್ಚುಕಟ್ಟಾಗಿ ಮಾಡುವವರು. ಡೆಂಟಲ್ ಲ್ಯಾಬಿನಲ್ಲಿ ಕೃತಕ ಹಲ್ಲು ಮಾಡುವ ನನ್ನ ಬಗ್ಗೆಯೇ ಬರೆದುಕೊಂಡಿದ್ದೆ. "ಹಲ್ಲಿನ ವಿಷಯದಲ್ಲಿ ಹೌದು. ಟವೆಲ್ ಮಡಿಸೋದ್ರಲ್ಲಿ?" ಕೊನೆಗೆ ‘ಅಟ್ ವರ್ಕ್’ ಅಂತ ಸೇರಿಸಿದ ಮೇಲೆ ಸಹಿ ಬಿತ್ತು. ಮೇಡಂಗಿಂತ ಇವಳೇ ಕೋರ್ಟಿನಲ್ಲಿ ಇರಬೇಕಿತ್ತು.

ಜೂನ್ 11, ಭಾನುವಾರ

ನಿನ್ನೆ ಲ್ಯಾಬಿನಲ್ಲಿ ಒಂದು ಪೂರ್ತಿ ಸೆಟ್ ಮುಗಿಸಿದೆ, ಮೇಲಿನದೂ ಕೆಳಗಿನದೂ. ಮೇಣದಲ್ಲಿ ಹಲ್ಲು ಜೋಡಿಸುವಾಗ ಎಡಗಡೆಯದೊಂದನ್ನು ಬೇಕೆಂದೇ ಒಂದು ಕೂದಲಷ್ಟು ಓರೆ ಮಾಡಿದೆ. ತೀರಾ ನೇರವಾದರೆ ಕಟ್ಟಿದ ಹಲ್ಲು ಅಂತ ಎಲ್ಲರಿಗೂ ತಿಳಿಯುತ್ತದೆ. ಡಾಕ್ಟರು ನೋಡಿ "ನಿಮ್ಮ ಕೈ ಇಲ್ಲಿ ವೇಸ್ಟು" ಅಂದರು. ಹೊಗಳಿದರೋ, ಹೊರಗೆ ಕಳಿಸಿದರೋ!

ಹೋಗುವುದಂತೂ ನನಗೂ ಬೇಕು. ದೊಡ್ಡ ಲ್ಯಾಬು, ರೈಲಿನಲ್ಲಿ ಒಂಬತ್ತು ಗಂಟೆ ದೂರ. ಆರ್ಡರೆಲ್ಲ ಹೊರದೇಶದ್ದು, ಅದಕ್ಕೇ ಇಂಟರ್‌ವ್ಯೂ ಇಂಗ್ಲಿಷಿನಲ್ಲಿ. ಅರ್ಜಿ ಹಾಕಿ ತಿಂಗಳಾಯಿತು. ಅಕ್ಕನಿಗೆ ಹೇಳಿಲ್ಲ. ಇಲ್ಲೇ ಪ್ರಮೋಷನ್ನಿಗೆ ಇಂಗ್ಲಿಷ್ ಬೇಕು ಅಂದಿದ್ದೇನೆ. ಆ ವಾಕ್ಯಕ್ಕೆ ಸಹಿ ಕೇಳಲಿಲ್ಲ.

ಹದಿನೇಳು ವರ್ಷದ ಹಿಂದೆ ಅದೇ ದೊಡ್ಡ ಲ್ಯಾಬಿನವರು ನನ್ನನ್ನು ಕೆಲಸಕ್ಕೆ ಕರೆದಿದ್ದರು. ಫೋನು ಬಂದದ್ದು ನಮ್ಮ ಬಾಡಿಗೆ ಮನೆಯ ಮಾಲೀಕರಲ್ಲಿಗೆ. ಎತ್ತಿದ್ದು ಅಕ್ಕ. ‘ಅವಳಿಗೆ ಇಷ್ಟವಿಲ್ಲ’ ಅಂದುಬಿಟ್ಟಳು. ನನಗೆ ಹೇಳಿದ್ದು ವಾರದ ಮೇಲೆ, ಬಟ್ಟೆ ಒಣಹಾಕುತ್ತಾ, ಹಾಲು ಒಡೆದಿದೆ ಅನ್ನುವ ಧಾಟಿಯಲ್ಲಿ. ನಾನು ಸರಿ ಅಂದೆ. ಆ ಮಾತು ಮತ್ತೆ ನಮ್ಮಿಬ್ಬರ ಮಧ್ಯೆ ಬಂದಿಲ್ಲ.

ಜೂನ್ 18, ಭಾನುವಾರ, ಮಧ್ಯಾಹ್ನ

ಇವತ್ತಿನ ಐದರಲ್ಲಿ ಒಂದು: ರಿಸೆಂಟ್. ಅರ್ಥ ಬರೆಯಲು ಡಿಕ್ಷನರಿ ಬೇಕಾಗಲಿಲ್ಲ. ಯಾರೋ ಮಾಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಒಳಗೊಳಗೇ ಕುದಿಯುವುದು.

ವಾಕ್ಯ ತಾನಾಗಿ ಬಂತು. ‘ಐ ಹ್ಯಾವ್ ರಿಸೆಂಟೆಡ್ ಮೈ ಸಿಸ್ಟರ್ ಫಾರ್ ಸೆವೆಂಟೀನ್ ಇಯರ್ಸ್.’ ಬರೆದ ಮೇಲೆ ಕೈ ಹಗುರವಾಯಿತು. ಹೊಡೆದುಹಾಕಲು ಮನಸ್ಸಾಗಲಿಲ್ಲ. ನಿಜವಾದ ವಾಕ್ಯ ತಾನೇ ಮೇಡಂ ಕೇಳುವುದು?

ಅಕ್ಕ ಕೈ ಒರೆಸಿಕೊಂಡು ಬಂದು ಕೂತಳು. "ಇದೇನು?"

"ಹದಿನೇಳು ವರ್ಷದಿಂದ ನಮ್ಮಕ್ಕನ್ನ ಗೌರವಿಸ್ತಾ ಬಂದಿದ್ದೀನಿ ಅಂತ."

ನಕ್ಕಳು. "ಯಾಕೆ, ಅದಕ್ಕೂ ಮುಂಚೆ ಗೌರವ ಇರ್ಲಿಲ್ವಾ?"

ಪೆನ್ನು ಅವಳ ಕೈಗೆ ಕೊಟ್ಟೆ. ಅವಳು ಪೂರ್ತಿ ಹೆಸರು ಬರೆದು, ಕೆಳಗೊಂದು ಗೆರೆಯನ್ನೂ ಎಳೆದಳು. ಇಷ್ಟು ದೊಡ್ಡ ಸಹಿ ಹಿಂದೆ ಯಾವ ವಾಕ್ಯಕ್ಕೂ ಹಾಕಿರಲಿಲ್ಲ.

ಜೂನ್ 25, ಭಾನುವಾರ

ಮೇಡಂ ಆ ಪುಟ ಎರಡು ಸಲ ಓದಿದರು. ಕನ್ನಡಕ ತೆಗೆದರು.

"ನಿಮ್ಮಕ್ಕ ಇದನ್ನ ಓದಿ ಸಹಿ ಹಾಕಿದ್ರಾ, ಕೇಳಿ ಹಾಕಿದ್ರಾ?"

"ಕೇಳಿ, ಮೇಡಂ."

"ಅನುವಾದ ಮಾಡಿದ್ದು ಯಾರು?"

ಉಳಿದ ನಾಲ್ಕಕ್ಕೆ ಸರಿ ಗುರುತು ಹಾಕಿ ನೋಟ್‌ಬುಕ್ ವಾಪಸ್ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 9, ಭಾನುವಾರ

ಎರಡು ವಾರ ಬರೆಯಲಿಲ್ಲ. ಕ್ಲಾಸಿಗೂ ಹೋಗಲಿಲ್ಲ, ನೆಗಡಿ ಅಂದೆ.

ಇವತ್ತು ಡಿಕ್ಷನರಿ ತೆರೆದರೆ ತಾನಾಗಿ ಒಂದು ಪುಟಕ್ಕೆ ಬಿಚ್ಚಿಕೊಂಡಿತು. ಮಧ್ಯೆ ಲಾಂಡ್ರಿ ಚೀಟಿ. ಅದರಲ್ಲಿ ಇಂಗ್ಲಿಷಿನ ಆರು ದೊಡ್ಡಕ್ಷರ. ನನ್ನ ನೋಟ್‌ಬುಕ್ಕಿನಿಂದ ಒಂದೊಂದಾಗಿ ನೋಡಿ ಇಳಿಸಿಕೊಂಡದ್ದು. ಪುಟದಲ್ಲಿ ಕನ್ನಡ ಅರ್ಥದ ಕೆಳಗೆ ಪೆನ್ಸಿಲ್ ಗೆರೆ: ಅಸಮಾಧಾನಪಡು, ಮನಸ್ಸಿನಲ್ಲಿ ಸಿಟ್ಟಿಟ್ಟುಕೊ.

ಚೀಟಿಯ ಮೂಲೆಯಲ್ಲಿ ತಾರೀಕಿನ ಮೊಹರು ಇದೆ. ಜೂನ್ 19.

ಅಂದರೆ ಮಾರನೆಯ ದಿನವೇ. ಅಲ್ಲಿಂದ ಇಲ್ಲಿಯವರೆಗೆ ದಿನವೂ ಕಾಫಿ ಕೊಟ್ಟಿದ್ದಾಳೆ. ನನ್ನ ಲ್ಯಾಬ್ ಕೋಟಿಗೆ ಇಸ್ತ್ರಿ ಹಾಕಿದ್ದಾಳೆ, ಕಾಲರಿನ ಮಡಿಕೆಯೂ ತಪ್ಪಿಲ್ಲ. ಒಂದು ಮಾತಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಸಿಟ್ಟಿದ್ದುದಕ್ಕಲ್ಲ. ಆ ಸಿಟ್ಟಿಗೆ ಅವಳ ಕೈಯಲ್ಲೇ ಸಹಿ ಹಾಕಿಸಿಕೊಂಡೆನಲ್ಲ, ಅದಕ್ಕೆ.

ಚೀಟಿಯನ್ನು ಇದ್ದಲ್ಲೇ ಇಟ್ಟೆ. ಮಾತಾಡಬೇಕು. ಇವತ್ತು ಆಗಲಿಲ್ಲ.

ಜುಲೈ 14, ಶುಕ್ರವಾರ, ಸಂಜೆ

ಮೊಬೈಲು ಚಾರ್ಜಿಗೆ ಹಾಕಿ ಮನೆಯಲ್ಲೇ ಮರೆತು ಹೋಗಿದ್ದೆ. ಅಕ್ಕನಿಗೆ ವಾರದ ರಜೆ. ಬಂದಾಗ ನನ್ನ ಕೋಟು ಗೂಟದಲ್ಲಿ ತೂಗುತ್ತಿತ್ತು, ಗುಂಡಿಗೆ ಚೀಟಿ ಕಟ್ಟಿತ್ತು — ಗಿರಾಕಿಯ ಬಟ್ಟೆಗೆ ಕಟ್ಟುವ ಹಾಗೇ.

‘ದೊಡ್ಡ ಲ್ಯಾಬಿನಿಂದ ಫೋನ್. 24 ಸೋಮವಾರ, 11 ಗಂಟೆ. ಕೆಲಸ ಆದರೆ ಆಗಸ್ಟಿಂದಲೇ ಅಲ್ಲಿರಬೇಕಂತೆ. ಬರ್ತಾಳೆ ಅಂದಿದ್ದೀನಿ.’

ಅಡುಗೆಮನೆಗೆ ಹೋದೆ. ಬೆನ್ನು ಹಾಕಿ ನಿಂತಿದ್ದಳು.

"ಅಕ್ಕಾ..."

"ಆವತ್ತೂ ಫೋನ್ ಎತ್ತಿದ್ದು ನಾನೇ. ಒಬ್ಬಳೇ ಇರೋಕೆ ಹೆದರಿಕೆ ಆಯ್ತು. ನಿನ್ನ ಒಳ್ಳೇದಕ್ಕೆ ಅಂತ ಹೇಳ್ಕೊಂಡು ತಿರುಗಿದೆ. ಅದೆಲ್ಲ ಏನಿಲ್ಲ, ಹೆದರಿಕೆ ಅಷ್ಟೇ."

"ನಾನು ನಿಂಗೆ ಸುಳ್ಳು ಅರ್ಥ ಹೇಳಿದೆ."

"ಹೂಂ. ವಾಕ್ಯ ನಿಜ ತಾನೇ? ನನ್ನ ಸಹಿ ಅಲ್ಲೇ ಇರಲಿ."

ಅತ್ತುಬಿಟ್ಟೆ. ಅವಳು ಅಳಲಿಲ್ಲ. ಒಲೆ ಸಣ್ಣ ಮಾಡಿ, ಟವೆಲ್ ಕೊಟ್ಟಳು, ಒರೆಸಿಕೊಂಡ ಮೇಲೆ ವಾಪಸ್ ಇಸಿದುಕೊಂಡು ತಾನೇ ಮಡಿಸಿದಳು.

ಜುಲೈ 23, ಭಾನುವಾರ, ಬೆಳಿಗ್ಗೆ 8

ಹತ್ತಕ್ಕೆ ರೈಲು. ಅಕ್ಕನಿಗೆ ನಿಜವಾದ ಅರ್ಥ ಗೊತ್ತೆಂದು ಕೇಳಿದ ಮೇಲೆ, ಕಳೆದ ಭಾನುವಾರ ಮೇಡಂ ಆ ವಾಕ್ಯಕ್ಕೂ ಸರಿ ಗುರುತು ಹಾಕಿದರು. ನೂರು ಪದ ಆಗಲಿಲ್ಲ, ಅರವತ್ತರಲ್ಲೇ ಹೊರಟಿದ್ದೇನೆ. ನೋಡೋಣ.

ಬ್ಯಾಗಿಗೆ ಹಾಕಲು ನೋಟ್‌ಬುಕ್ ತೆಗೆದೆ. ಕೊನೆಯ ಪುಟದಲ್ಲಿ ಅಕ್ಕನ ಕೈ. ಪದ: ಅನ್‌ಡಾಂಟೆಡ್. ಅರ್ಥ: ಎದೆಗುಂದದವಳು. ಕೆಳಗೆ ಲಾಂಡ್ರಿ ಚೀಟಿಯ ದೊಡ್ಡಕ್ಷರದಲ್ಲಿ, ಒಂದೊಂದೂ ಒತ್ತಿ ಬರೆದ ವಾಕ್ಯ: ‘ಐ ಆಮ್ ಅನ್‌ಡಾಂಟೆಡ್.’ ಪಕ್ಕದಲ್ಲಿ ಸಹಿಗೆ ಗೆರೆ ಎಳೆದು ಜಾಗ ಬಿಟ್ಟಿದ್ದಾಳೆ. ಸಾಕ್ಷಿ ನಾನು.

ನಿಜವಲ್ಲ. ನಿನ್ನೆ ನಾನು ನೋಡುತ್ತಿದ್ದಾಗ ಚಿಲಕವನ್ನು ಒಂದೇ ಸಲ ಮುಟ್ಟಿ ಬಂದು ಮಲಗಿದಳು. ಆಮೇಲೆ ನೀರು ಕುಡಿಯುವ ನೆಪದಲ್ಲಿ ಇನ್ನೆರಡು ಸಲ ಎದ್ದಳು. ಎಣಿಸಿದ್ದೇನೆ.

ಈಗ ಬಾಗಿಲಲ್ಲಿ ನನ್ನ ಬ್ಯಾಗು ಹಿಡಿದು ನಿಂತಿದ್ದಾಳೆ. "ಸುಳ್ಳು ಅನ್ಸಿದ್ರೆ ಹಾಕಬೇಡ. ಬೇಗ ಹೇಳು, ರೈಲು ಕಾಯಲ್ಲ."

ಪೆನ್ನು ಅದೇ. ಸುಳ್ಳೆಂದು ಗೊತ್ತಿದ್ದೇ ನನ್ನ ಹೆಸರಿನ ಮೊದಲಕ್ಷರ ಬರೆದೆ. ಅವಳು ಬಂದು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾಳೆ, ಉಸಿರು ಬಿಗಿಹಿಡಿದು. ಉಳಿದ ಅಕ್ಷರ...