ರಾಗಿ ಹೊಲದ ಡೆಕ್

ಜಿಗಣಿ
ಗುರುವಾರ, 14 ಆಗಸ್ಟ್ 2025

ಪ್ರೀತಿಯ ಮುನಿಕೃಷ್ಣನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯ? ವಾಂತಿ ನಿಂತಿತೇ? ಅಮ್ಮ ದಿನಾ ಕೇಳುತ್ತಾಳೆ, "ನೀರ್ ಮ್ಯಾಲೆ ಅಂಗೆ ತೂಗಾಡ್ತಿದ್ರೆ ಮಗೀಗೆ ನಿದ್ದೆ ಎಂಗ್ ಬತ್ತದೆ?" ಎಂದು. ಮೂವತ್ತು ದಾಟಿದರೂ ನೀನು ಅವಳಿಗೆ ಮಗುವೇ. ಸಮುದ್ರದಲ್ಲಿ ಹಡಗಿನ ಟ್ರಯಲ್ ಮುಗಿಯುವವರೆಗೆ ನಿಮಗೆ ಫೋನ್ ಇಲ್ಲವಲ್ಲ, ಅದಕ್ಕೇ ಈ ಕಾಗದ. ಕಂಪನಿಯ ಬಿಡಿಭಾಗಗಳ ವ್ಯಾನಿನಲ್ಲಿ ಡ್ರೈವರ್ ಮುನಿಯಣ್ಣ ಕಾರವಾರಕ್ಕೆ ಒಯ್ಯುತ್ತಾನೆ, ಅಲ್ಲಿಂದ ಬಿಡಿಭಾಗಗಳ ಜೊತೆ ನಿಮ್ಮ ಹಡಗಿಗೆ ಬರುತ್ತದೆ.

ಇಲ್ಲಿ ನಮ್ಮ ಹಳೆಯ ರಾಗಿ ಹೊಲದಲ್ಲಿ ಕಂಪನಿ ಕಟ್ಟಿದ ಷೆಡ್ಡಿನಲ್ಲಿ ನಿಮ್ಮ ಹಡಗಿನ ಓಲಾಟ ದಿನವೂ ನಡೆದಿದೆ. ಹಡಗು ಹೇಗೆ ಓಲಾಡಿತೆಂಬ ರೆಕಾರ್ಡ್ ಅಲ್ಲಿಂದ ಬಂದ ಮೇಲೆ ನಾನು ಬಟನ್ ಒತ್ತುತ್ತೇನೆ, ಹಡಗಿನ ಮೇಲ್ತಟ್ಟಿನಂತೆ ಮಾಡಿದ ಕಬ್ಬಿಣದ ಡೆಕ್ ಅದೇ ರೀತಿ ಓಲಾಡುತ್ತದೆ, ಮೇಲೆ ಕಟ್ಟಿದ ಡಮ್ಮಿ ಹೆಲಿಕಾಪ್ಟರ್ ಸರಪಳಿಯನ್ನು ಜಗ್ಗುತ್ತದೆ. ಅಲ್ಲಿ ನಿಜವಾದ ಹೆಲಿಕಾಪ್ಟರಿಗೆ ಸರಪಳಿ ಬಿಗಿಯುವವನು ನೀನು. ಕಂಟೇನರ್ ಹೊರಲು ಕಟ್ಟಿದ ಹಡಗು, ಈಗ ಅದರ ಹೊಟ್ಟೆ ಖಾಲಿ, ಹಾಗಾಗಿ ನಿಧಾನವಾಗಿ ಓಲಾಡದೆ ಸಟ್ಟನೆ ಹೊರಳುತ್ತದೆ ಎಂದು ನೀನು ಹೇಳಿದಾಗ ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಡೆಕ್ ತಾನಾಗಿ ಅಲುಗಿತು. ರೆಕಾರ್ಡ್ ಬಂದಿರಲಿಲ್ಲ, ನಾನೇ ಇಳಿಸಿದ್ದ ಮೇನ್ ಸ್ವಿಚ್ ಕೆಳಗೇ ಇತ್ತು. ಎರಡು ಸಲ ಎಡಕ್ಕೆ ಜೋರಾಗಿ ವಾಲಿ ಎದ್ದಿತು. ಮೂರನೆಯ ಸಲ ವಾಲಿದ್ದು ಏಳಲೇ ಇಲ್ಲ. ಹಿಂಬದಿಯ ಸರಪಳಿ ಕಿತ್ತುಹೋಗಿ ಡಮ್ಮಿ ಎಡಕ್ಕೆ ಜಾರಿ ಗೋಡೆಗೆ ಬಡಿಯಿತು. ಷೆಡ್ಡಿನ ತುಂಬ ಉಪ್ಪುನೀರಿನ ವಾಸನೆ. ನಮ್ಮ ಇಂಜಿನಿಯರ್ ಗುರುರಾಜ್ ಸಾರ್ ಬಂದು ನೋಡಿ, "ಸ್ವಿಚ್ ಇಳ್ಸೋದು ಮರ್ತಿರ್ತೀರ ಮೇಡಂ, ಬಿಟ್ಬಿಡಿ" ಅಂದರು. ಹಾಗೆಂದವರೇ ಹೋಗಿ ಸ್ವಿಚ್ಚನ್ನು ಎರಡೆರಡು ಸಲ ನೋಡಿ ಬಂದರು.

ಅಮ್ಮ ಹುರಿಗಾಳು ಕಟ್ಟಿದ್ದಾಳೆ, ಒಬ್ಬನೇ ಮುಗಿಸಬೇಡ. ಮನೆದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಜ್ಯೋತಿಲಕ್ಷ್ಮಿ

ತಾ.ಕ.: ಮುನಿಯಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಹಡಗಿನ ನಿನ್ನೆಯ ರೆಕಾರ್ಡ್ ಈಗಷ್ಟೇ ಬಂತು. ಸೋಮವಾರ ಇಲ್ಲಿ ಡೆಕ್ ಮೊದಲ ಎರಡು ಸಲ ವಾಲಿದ್ದು ಅದರಲ್ಲಿ ಹಾಗೆಯೇ ಇದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮೂರನೆಯದು ನಿಮಗೆ ಇನ್ನೂ ಆಗಿಲ್ಲ. ಹಡಗಿಗೆ ತಿಳಿಸಿ ಎಂದರೆ ಸಾರ್ ಒಪ್ಪುತ್ತಿಲ್ಲ, "ಏನಂತ ಬರೆಯೋದು ಮೇಡಂ?" ಅನ್ನುತ್ತಾರೆ. ನಾನು ಬರೆಯುತ್ತಿದ್ದೇನೆ. ಹೆಲಿಕಾಪ್ಟರಿನ ಎಡಗಡೆ ನಿಲ್ಲಬೇಡ ಕಣೋ. ಯಾರು ಕರೆದರೂ ಹೋಗಬೇಡ.