ಹಿಂಡಬಾರದ ಬಟ್ಟೆ

ಮಂಗಳವಾರ, ಮಾರ್ಚ್ ೧೨

ಗೆಣ್ಣುಗಳು ಊದಿ ಕೈಯಲ್ಲಿ ಪೆನ್ನು ನಿಲ್ಲುತ್ತಿಲ್ಲ. ಆದರೂ ಇದನ್ನು ಬರೆಯದೆ ನಿದ್ದೆ ಬಾರದು.

ನನ್ನ ಸಂಧಿವಾತದ ರಕ್ತಪರೀಕ್ಷೆಯಲ್ಲಿ ಬಾವು ತೋರಿಸುವ ಸಿಆರ್‌ಪಿ, ಇಎಸ್‌ಆರ್ ಎರಡೂ ನಾರ್ಮಲ್ ಬಂದಿದ್ದೇ ತಡ, ನಾದಿನಿಗೆ ರೆಕ್ಕೆ ಮೂಡಿತ್ತು. "ನೋವೆಲ್ಲ ನಾಟಕ ಅಂತ ರಕ್ತಾನೇ ಹೇಳ್ತಿದೆ. ಇನ್ಮೇಲೆ ಬಟ್ಟೆ ನೀವೇ ಒಗೀರಿ ಅತ್ತಿಗೆ!"

ಬೇಕೆಂದೇ ಇವತ್ತು ಅವಳನ್ನು ಜೊತೆಗೆ ಕರೆದೊಯ್ದೆ. ಡಾಕ್ಟರು ಒಂದೊಂದೇ ಗೆಣ್ಣು ಅದುಮಿ, "ಕೆಲವರಿಗೆ ರಕ್ತದಲ್ಲಿ ಕಾಣದಿದ್ರೂ ಕೀಲಲ್ಲಿ ಬಾವು ಇರುತ್ತೆ. ಬಟ್ಟೆ ಹಿಂಡೋದು ಸದ್ಯಕ್ಕೆ ಬೇಡ," ಎಂದರು.

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ಇವಳಿಗೆ ಕಿವಿ ಮಂದ," ಎಂದೆ.

ಮನೆಗೆ ಬಂದವಳೇ ನೋವು ನುಂಗಿಕೊಂಡು ಎಲ್ಲ ಹಾಸಿಗೆಗಳ ಹೊದಿಕೆ ಎಳೆದು ನೆನೆಹಾಕಿದೆ. ಅವಳು ಹಲ್ಲು ಕಚ್ಚಿ ಹಿಂಡುವುದನ್ನು ಕುರ್ಚಿ ಹಾಕಿಕೊಂಡು ನೋಡಿದೆ. ಬೆರಳ ನೋವು ಇಳಿಯಲಿಲ್ಲ, ಹೊಟ್ಟೆ ಮಾತ್ರ ತಣ್ಣಗಾಯಿತು.

ಕಿಟಕಿಯ ಪರದೆಗಳೂ ಕೊಳೆಯಾಗಿವೆ. ಒಳ್ಳೆ ದಪ್ಪ ಬಟ್ಟೆ. ನಾಳೆ ಅವನ್ನೂ...